ಗುಂಡನೆಯ ಅಕ್ಷರಗಳು

ಅವಳ ತಂದೆ ಹನ್ನೊಂದು ಗಂಟೆಗೆ ಬರುತ್ತಾನೆ ಎನ್ನುವುದೊಂದೇ ಆ ಸೋಮವಾರ ಬೆಳಗಿನಿಂದ ತಲೆಯಲ್ಲಿ ಕೂತಿದ್ದರಿಂದ ವಿಶ್ವನಾಥ ಕ್ಷೌರವಾದ ಕೆನ್ನೆಗೇ ಮತ್ತೊಮ್ಮೆ ಸೋಪು ಹಚ್ಚಿಕೊಂಡ. ಬ್ಲೇಡು ಎಳೆದಾಗ ಆದ ಉರಿಯಿಂದ ಅದು ಗೊತ್ತಾಯಿತು. ಬರುತ್ತಾರೆ ಅನ್ನಬೇಕಿತ್ತು, ಬರುತ್ತಾನೆ ಅಂದಿತು ಮನಸ್ಸು. ಕಣ್ಣಿಂದ ನೋಡದ ಮನುಷ್ಯನನ್ನು ಏಕವಚನದಲ್ಲಿ ನೆನೆಯುವ ಈ ಸಲೀಸು ತನಗೆ ಎಲ್ಲಿಂದ ಬಂತು ಎಂದು ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಂಡ. ಅಲ್ಲಿ ನಲವತ್ತು ದಾಟಿದ, ಹಣೆ ಅಗಲವಾಗುತ್ತ ನಡೆದ, ಖಾಸಗಿ ಎಂಜಿನಿಯರಿಂಗ್ ಕಾಲೇಜಿನ ಕಂಪ್ಯೂಟರ್ ಲ್ಯಾಬ್ ಇನ್‌ಸ್ಟ್ರಕ್ಟರ್ ಒಬ್ಬ ಕೆನ್ನೆಯ ಮೇಲೆ ನೊರೆ ಇಟ್ಟುಕೊಂಡು ನಿಂತಿದ್ದ. ಹೆಂಡತಿ ಪ್ರೇಮಲೀಲಾ ದೋಸೆ ಆರಿಹೋಯಿತೆಂದು ಒಳಗಿನಿಂದ ಎರಡು ಸಲ ಕರೆದಳು. ತಟ್ಟೆಯ ಮುಂದೆ ಕೂತ ಮೇಲೆ ಅವನ ಮುಖ ನೋಡಿ, ಯಾರಿಗೋ ಏನೋ ಮಾಡಿ ಬಂದವರ ಥರ ಇದ್ದೀರಲ್ಲ ಎಂದು ನಕ್ಕಳು. ತಮಾಷೆಗೆ ಅಂದದ್ದು. ಅವನಿಗೆ ಚಟ್ನಿ ನೆತ್ತಿಗೇರಿತು.

ಮಾಡಿದ್ದಾದರೂ ಏನು? ಒಂದು ವಾಕ್ಯ ಹೇಳಿದ್ದ, ಅಷ್ಟೆ. 'ಪಾಸ್‌ವರ್ಡ್ ಗೊತ್ತಿಲ್ಲದೆ ಇದು ಆಗೋ ಕೆಲಸ ಅಲ್ಲ ಸಾರ್.' ಕೃಷ್ಣಮೂರ್ತಿಪುರದ ಬೀದಿ ದಾಟಿ ಸ್ಕೂಟರು ದೊಡ್ಡ ರಸ್ತೆಗೆ ಬಿದ್ದ ಮೇಲೂ ಅವನು ಆ ವಾಕ್ಯವನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದ. ಎಲ್ಲಿಂದ ನೋಡಿದರೂ ಅದು ಸುಳ್ಳಲ್ಲ. ಲ್ಯಾಬಿನಲ್ಲಿ ಪ್ರತಿ ಹುಡುಗನಿಗೂ ಹುಡುಗಿಗೂ ಒಂದೊಂದು ಪಾಸ್‌ವರ್ಡ್ ಇದೆ. ಅದನ್ನು ಕೊಟ್ಟು ಒಳಗೆ ಹೋದರೆ ತಮ್ಮದೇ ಜಾಗ, ಅಲ್ಲಿ ಏನು ಬೇಕಾದರೂ ಬರೆದುಕೊಳ್ಳಬಹುದು. ಆ ಪಾಸ್‌ವರ್ಡ್ ಇಲ್ಲದೆ ಯಾವ ಕೆಲಸವೂ ಆಗುವುದಿಲ್ಲ ನಿಜ. ಆದರೆ ಇಡೀ ಯಂತ್ರವನ್ನು ಆಳುವ ಪಾಸ್‌ವರ್ಡ್ ಇನ್ನೊಂದಿದೆ. ಅದು ಗೊತ್ತಿರುವುದು ಅವನಿಗೆ ಮತ್ತು ವಿಭಾಗದ ಮುಖ್ಯಸ್ಥ ಮಹಾಂತೇಶ್‌ಗೆ ಮಾತ್ರ. ಯಾವ ಪಾಸ್‌ವರ್ಡ್ ಎಂದು ವಿಶ್ವನಾಥ ಹೇಳಲಿಲ್ಲ, ಮಹಾಂತೇಶ್ ಕೇಳಲಿಲ್ಲ. ಹೇಳದೆ ಬಿಟ್ಟ ಆ ಜಾಗದಲ್ಲಿ ಒಬ್ಬ ಹುಡುಗಿ ಬಿದ್ದಿದ್ದಳು.

ಕಾಲೇಜಿನಲ್ಲಿ ಅವನಿಗಿದ್ದ ಹೆಸರು ಬ್ಯಾನರ್ ವಿಶ್ವನಾಥ್. ಬೇರೆ ಹೆಸರು ಗಳಿಸುವ ಅವಕಾಶ ಡಿಪ್ಲೊಮಾ ಮಾಡಿದವನಿಗೆ ಅಲ್ಲಿ ಇರಲಿಲ್ಲ. ಕೆಲಸ ಸಿಕ್ಕಿದ್ದೂ ಹೇಗೆಂದರೆ, ಸೋದರಮಾವ ಅವನನ್ನು ಕಾಲೇಜು ನಡೆಸುವ ಮಠಕ್ಕೆ ಕರೆದುಕೊಂಡು ಹೋಗಿ ಅಡ್ಡಬೀಳಿಸಿದ್ದ. ಸ್ವಾಮಿಗಳು ಅವನ ಕಡೆ ನೋಡದೆ ಪಕ್ಕದಲ್ಲಿದ್ದ ಕಾರ್ಯದರ್ಶಿಗೆ, ಇವನನ್ನು ಎಲ್ಲಾದರೂ ಹಾಕ್ಕೊಳ್ಳಿ ಅಂದಿದ್ದರು. ಆ 'ಎಲ್ಲಾದರೂ' ಎನ್ನುವುದು ಲ್ಯಾಬ್ ಆಯಿತು. ಕಪ್ಪು ಪರದೆಯ ಮೇಲೆ ಬರೀ ಅಕ್ಷರಗಳು ಓಡಾಡುವ ಯಂತ್ರಗಳು, ಚಿತ್ರವಿಲ್ಲ, ಏನಿಲ್ಲ. ಹುಡುಗರು ಬಂದು ಕಮಾಂಡು ಹೊಡೆದು ಲೆಕ್ಕ ಮಾಡಿಸಿ ಹೋಗುತ್ತಿದ್ದರು. ಒಂದು ದಿನ ಬೇಸರಕ್ಕೆ ಅವನು ಹ್ಯಾಶ್ ಗುರುತು, ನಕ್ಷತ್ರ, ಗೀಟುಗಳನ್ನು ಜೋಡಿಸಿ ಪರದೆ ತುಂಬ WELCOME ಎಂದು ಬರೆದು, ಯಾರು ಒಳಗೆ ಬಂದರೂ ಮೊದಲು ಅದೇ ಕಾಣುವ ಹಾಗೆ ಇಟ್ಟ. ಬೆಳಿಗ್ಗೆ ಬಂದವರು ಓಹೋ ಅಂದರು. ಆಮೇಲೆ ಬಣ್ಣದ ಮಾನಿಟರುಗಳು ಬಂದವು. ಪರದೆ ಎಂದರೆ ಚೌಕಾಬಾರದ ಹಾಸಿನ ಹಾಗೆ ಮನೆ ಮನೆ. ಒಂದೊಂದು ಮನೆಯಲ್ಲಿ ಒಂದೊಂದೇ ಗುರುತು. ಗುರುತಿನ ಮುಂದೆ ಒಂದು ಸಂಕೇತ ಬರೆದರೆ ಅದಕ್ಕೆ ಬಣ್ಣ. ದೀಪಾವಳಿಗೆ, ಸಂಕ್ರಾಂತಿಗೆ, ಪ್ರಿನ್ಸಿಪಾಲರ ಮಗಳ ಮದುವೆಗೆ, ರಿಟೈರಾದ ಅಟೆಂಡರಿಗೆ, ಎಲ್ಲಕ್ಕೂ ಅವನು ಬ್ಯಾನರು ಬರೆದ. ಒಮ್ಮೆ ವಾರ್ಷಿಕೋತ್ಸವಕ್ಕೆ ಪ್ರೇಮಲೀಲಾಳನ್ನು ಕರೆತಂದು ತೋರಿಸಿದಾಗ, ಚುಕ್ಕಿ ರಂಗೋಲಿ ಥರಾನೇ ಅಲ್ವಾ ಅಂದಿದ್ದಳು. ಅದು ಸರಿಯಾದ ಮಾತೇ ಆಗಿತ್ತು. ಆದರೆ ಆ ದಿನ ಮನೆಗೆ ಹೋಗುವವರೆಗೂ ಅವನು ಅವಳ ಜೊತೆ ಮಾತಾಡಲಿಲ್ಲ.

ಸುಚಿತ್ರಾ ಮೂರನೆಯ ವರ್ಷದ ಹುಡುಗಿ. ಹಿನಕಲ್ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದಳು, ಮೂಲೆಯ ಯಂತ್ರದ ಮುಂದೆ ಕೂರುತ್ತಿದ್ದಳು, ಬೆಲ್ಲು ಹೊಡೆದ ಮೇಲೂ ಏಳುತ್ತಿರಲಿಲ್ಲ. ಲ್ಯಾಬಿನ ಅಟೆಂಡರ್ ಮೂಗಯ್ಯ ಫ್ಯಾನು ಆರಿಸಿದರೆ ಬೆವರುತ್ತಲೇ ಟೈಪು ಮಾಡುತ್ತಿದ್ದಳು. ಅವಳೇ ಒಂದು ದಿನ, ನಿಮ್ಮ ಬ್ಯಾನರೆಲ್ಲ ಇಂಗ್ಲಿಷಿನಲ್ಲೇ ಯಾಕಿವೆ ಸಾರ್ ಎಂದು ಕೇಳಿದ್ದು. ಕೇಳಿದ್ದು ನಿಜವಾದ ಕುತೂಹಲದಿಂದ. ಆದರೆ ಅಕ್ಕಪಕ್ಕದವರು ತಲೆ ಎತ್ತಿದ್ದರಿಂದ ವಿಶ್ವನಾಥನಿಗೆ ಅದು ಸವಾಲಿನ ಹಾಗೆ ಕೇಳಿಸಿತು. ಕನ್ನಡ ಈ ಪರದೆಯ ಮೇಲೆ ಬರುವುದಿಲ್ಲ ಎಂದು ಅವನು ಇಡೀ ಕ್ಲಾಸಿಗೆ ವಿವರಿಸಿದ. ಇಂಗ್ಲಿಷ್ ಅಕ್ಷರ ಕಡ್ಡಿ ಕಡ್ಡಿ, ಜೋಡಿಸಬಹುದು. ಕನ್ನಡ ಗುಂಡು. ಪರದೆಯ ಮನೆ ಉದ್ದ ಜಾಸ್ತಿ, ಅಗಲ ಕಡಿಮೆ. ಗುಂಡು ಬರೆಯಲು ಹೋದರೆ ಕೋಳಿಮೊಟ್ಟೆ ಆಗುತ್ತದೆ. ಹುಡುಗರು ನಕ್ಕರು. ಅವಳು ನಗಲಿಲ್ಲ, ತಲೆಯಾಡಿಸಿದಳು. ಮೇಷ್ಟರು ಹೇಳಿದ್ದನ್ನು ಪೂರಾ ಒಪ್ಪಿಕೊಂಡು, ಒಪ್ಪಿದ ಮೇಲೂ ಅದರೊಳಗೆ ಇನ್ನೇನಿದೆ ಎಂದು ನೋಡುವವಳ ಹಾಗೆ ಪರದೆಯನ್ನೇ ನೋಡುತ್ತ ಕೂತಳು.

ಆಮೇಲೆ ಕೆಲವು ವಾರ ಕಳೆದು ಒಂದು ಬೆಳಿಗ್ಗೆ ಅವಳ ಪರದೆಯ ಮೇಲೆ ಅದು ಇತ್ತು. ಸ್ವಾಗತ. ಅಂಚು ಎಲ್ಲೂ ಮುರಿಯದೆ, ಕುಂಬಾರ ಕೈಯಿಂದ ತಿರುಗಿಸಿ ಇಟ್ಟ ಹಾಗೆ ಗುಂಡಗೆ ಕೂತ ಮೂರು ಅಕ್ಷರ. ಬುಡದಲ್ಲಿ ಕಡುಗೆಂಪು, ಮೇಲಕ್ಕೆ ಹೋಗುತ್ತ ಅರಿಸಿನ, ನೆತ್ತಿಯಲ್ಲಿ ಬಿಳಿ. ವಿಶ್ವನಾಥ ಬಗ್ಗಿ ನೋಡಿದ. ಅರ್ಧ ಮನೆಯನ್ನು ಮಾತ್ರ ತುಂಬುವ ಗುರುತೊಂದು ಯಂತ್ರದೊಳಗೆ ಮೊದಲಿನಿಂದಲೂ ಇತ್ತು. ಮೇಲರ್ಧಕ್ಕೆ ಒಂದು ಬಣ್ಣ, ಕೆಳಗಿನರ್ಧಕ್ಕೆ ಇನ್ನೊಂದು ಕೊಟ್ಟರೆ ಉದ್ದನೆಯ ಒಂದು ಮನೆ ಎರಡು ಚೌಕವಾಗುತ್ತದೆ. ಚೌಕ ಸಿಕ್ಕಿದರೆ ಗುಂಡು ಸಿಕ್ಕಿತು. ಇಷ್ಟೇ. ಇಷ್ಟನ್ನು ಇಷ್ಟು ವರ್ಷ ಅವನು ಕಂಡಿರಲಿಲ್ಲ. ಮೊದಲು ಸಂತೋಷವೇ ಆಗಿತ್ತು. ಅದನ್ನು ಅವನು ಈಗ ಸ್ಕೂಟರಿನ ಮೇಲೆ ಕೂತು ತನಗೇ ಸಾಕ್ಷಿ ಹೇಳಿಕೊಳ್ಳುತ್ತಿದ್ದ. ಒಂದು ಉಸಿರು ಒಳಗೆ ಹೋಗಿ ಹೊರಗೆ ಬರುವಷ್ಟು ಹೊತ್ತು ಅವನಿಗೆ ನಿಜವಾಗಿ ಸಂತೋಷವಾಗಿತ್ತು. ಆಮೇಲೆ ಬಗ್ಗಿದ್ದ ಬೆನ್ನನ್ನು ನೆಟ್ಟಗೆ ಮಾಡಿದ. ನೋಡಿದ್ರಾ ಸಾರ್ ಎಂದು ಅವಳು ಎದ್ದು ನಿಂತು ಕೇಳಿದಳು. ಇನ್‌ಸ್ಪೆಕ್ಷನ್ ಹತ್ತಿರ ಬಂತು, ಕುರ್ಚಿಗಳನ್ನು ಸಾಲಾಗಿ ಇಡಿ ಎಂದು ಅವನು ಎಲ್ಲರಿಗೂ ಹೇಳಿ ಮುಂದಕ್ಕೆ ಹೋದ.

ಅವಳ ಗೆಳತಿಯರು ಕೇಳಿ ಇಸಕೊಂಡರು, ಅವರಿಂದ ಹುಡುಗರು. ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ಹಾಕಿಕೊಂಡರು. ಎರಡೇ ದಿನದಲ್ಲಿ ಲ್ಯಾಬಿನ ಯಾವ ಪರದೆ ನೋಡಿದರೂ ಸ್ವಾಗತ. ಅವನ WELCOME ಮೇಲೆ ಬಂದು, ಅದರ ಬೆನ್ನಿಗೇ ಇದು ಬಂದು, ಅವನದನ್ನು ಪರದೆಯಿಂದ ಆಚೆಗೆ ನೂಕುತ್ತಿತ್ತು. ಗುರುವಾರ ಸಂಜೆ, ಮಾರನೆಯ ದಿನದ ತಪಾಸಣೆಗೆ ಎಲ್ಲ ಸರಿಯಾಗಿದೆಯೇ ಎಂದು ನೋಡಲು ಮಹಾಂತೇಶ್ ಬಂದ. ಒಂದು ಕಾಲಕ್ಕೆ ಇದೇ ಲ್ಯಾಬಿನಲ್ಲಿ ವಿಶ್ವನಾಥನ ಹತ್ತಿರ ಕಮಾಂಡು ಕಲಿತ ಹುಡುಗ, ಈಗ ಎಂ.ಟೆಕ್. ಮುಗಿಸಿ ಬಂದು ಮುಖ್ಯಸ್ಥ. ಸಾಲು ಪರದೆಗಳನ್ನು ನೋಡಿ ಹುಬ್ಬು ಗಂಟಿಕ್ಕಿ, ಇದೇನ್ರೀ ವಿಶ್ವನಾಥ್, ಯಾರಾದರೂ ಸಿಸ್ಟಮ್ ಒಳಗೆ ನುಗ್ಗಿದ್ದಾರಾ ಎಂದು ಕೇಳಿದ. ಆಗಲೇ ಆ ವಾಕ್ಯ ಬಂದದ್ದು. ಅದು ತುಂಬಾ ಮೆತ್ತಗೆ, ಕೆಲಸ ಬಲ್ಲವನ ಧ್ವನಿಯಲ್ಲಿ ಬಂತು. ಯಾರು ಎಂದು ಮಹಾಂತೇಶ್ ಕೇಳಿದ್ದಕ್ಕೆ ಹೆಸರೂ ಬಂತು. ಎಲ್ಲ ಅಳಿಸಿಬಿಡಿ ಅಂದ ಮಹಾಂತೇಶ್. ಅಳಿಸಿದ. ಒಬ್ಬೊಬ್ಬರ ಜಾಗಕ್ಕೂ ಹೋಗಿ ಅಳಿಸಿದ. ಅಳಿಸುವ ಮೊದಲು ಒಂದು ಪ್ರತಿಯನ್ನು ತನ್ನ ಜಾಗಕ್ಕೆ ಎತ್ತಿಟ್ಟುಕೊಂಡ. ಯಾಕೆ ಎಂದು ಕೇಳಿಕೊಳ್ಳಲಿಲ್ಲ. ಮಾರನೆಯ ದಿನ ತಪಾಸಣೆಗೆ ಬಂದವರ ಮುಂದೆ ಮಹಾಂತೇಶ್, ನಮ್ಮಲ್ಲಿ ಶಿಸ್ತು ಹೇಗಿದೆ ಎಂದರೆ ನಿನ್ನೆ ತಾನೆ ಒಂದು ಪ್ರಕರಣ ಹಿಡಿದಿದ್ದೇವೆ ಎಂದು ಹೇಳುವುದನ್ನು ಅವನು ಗೋಡೆಗೆ ಒರಗಿ ಕೇಳಿಸಿಕೊಂಡ. ಬಂದವರಲ್ಲಿ ಒಬ್ಬ ಪರದೆಯ ಮೇಲಿನ WELCOME ನೋಡಿ ನೈಸ್ ಅಂದ. ಹ್ಯಾಶ್ ಗುರುತುಗಳಿಂದ ಕಟ್ಟಿದ ಆ ಅಕ್ಷರಗಳು ಅವನ ಕಣ್ಣಿಗೆ ಆ ದಿನ ಸೌದೆ ಒಟ್ಟಿದ ಹಾಗೆ ಕಂಡವು.

ಸ್ಕೂಟರು ನಿಲ್ಲಿಸಿ ಬಂದಾಗ ಲ್ಯಾಬಿನ ಬಾಗಿಲಲ್ಲಿ ಚಪ್ಪಲಿ ಬಿಡುವ ಜಾಗದ ಪಕ್ಕ ಒಬ್ಬ ಮನುಷ್ಯ ನಿಂತಿದ್ದ. ಹನ್ನೊಂದಕ್ಕೆ ಇನ್ನೂ ಹೊತ್ತಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಪಂಚೆ. ಕೈಬೆರಳುಗಳ ಸಂದಿಯಲ್ಲಿ ತೊಳೆದರೂ ಹೋಗದ ಸಿಮೆಂಟಿನ ಬಿಳುಪು. ತಾನು ಜವರಯ್ಯ, ಸುಚಿತ್ರಾಳ ತಂದೆ, ಹೊಸ ಬಡಾವಣೆಗಳಲ್ಲಿ ಗಾರೆ ಕೆಲಸ ಮಾಡುವ ಮೇಸ್ತ್ರಿ ಎಂದು ಪರಿಚಯ ಹೇಳಿಕೊಂಡ. ಮಗಳು ದಿನಾ ವಿಶ್ವನಾಥ್ ಸಾರ್ ವಿಶ್ವನಾಥ್ ಸಾರ್ ಅನ್ನುತ್ತಾಳೆ, ಅದಕ್ಕೆ ಒಳಗೆ ಹೋಗುವ ಮೊದಲು ನಿಮ್ಮನ್ನೇ ಒಂದು ಮಾತು ಕೇಳೋಣ ಅಂತ ಬಂದೆ ಅಂದ. ವಿಶ್ವನಾಥ ಬೀಗದ ಕೈಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ.

"ಸಾಮಿ, ಬಾಯ್ಬುಟ್ಟು ಏಳ್ಬುಡಿ. ಕೆಟ್ಟ ಮಾತು ಏನಾರ ಬರೆದಿದ್ಲಾ ಮಗ?"

"ಇಲ್ಲ, ಇಲ್ಲ. ಅಂಥದ್ದೇನಿಲ್ಲ."

"ಮತ್ತೆ ಏನು ಬರೆದ್ಲು?"

"ಸ್ವಾಗತ ಅಂತ."

ಜವರಯ್ಯ ಇನ್ನೂ ಏನೋ ಇದೆ ಎಂದು ಕಾದ. "ಸ್ವಾಗತ ಅಂತ ಬರೆದ್ರೆ ತೆಪ್ಪಾ ಸಾಮಿ?" ಎಂದು ಕೇಳಿದ. ಕೇಳಿದ್ದರಲ್ಲಿ ವ್ಯಂಗ್ಯವಿರಲಿಲ್ಲ. ಓದಿದವರ ಲೋಕದಲ್ಲಿ ಅದು ತಪ್ಪಿದ್ದರೂ ಇರಬಹುದು ಎನ್ನುವ ಹಾಗೆ ಕೇಳಿದ. ವಿಶ್ವನಾಥ, ಏನು ಬರೆದಳು ಅನ್ನುವುದು ಮುಖ್ಯವಲ್ಲ, ಎಲ್ಲಿ ಬರೆದಳು ಅನ್ನುವುದು ಮುಖ್ಯ ಅಂದ. ಜವರಯ್ಯನ ಮುಖ ಸ್ವಲ್ಪ ಬಿಡಿಸಿಕೊಂಡಿತು. ಗೊತ್ತಾಯಿತು ಸಾಮಿ, ಗಾರೆ ಹಾಕಿ ಇನ್ನೂ ಒಣಗದ ಗೋಡೆಯ ಮೇಲೆ ಯಾರೋ ಗೀಚಿ ಹೋದ ಹಾಗೆ, ಅಲ್ಲವಾ ಅಂದ. ಹಾಗೆ ಗೀಚಿದವರ ಮೇಲೆ ತನಗೂ ಸಿಟ್ಟು ಬರುತ್ತದೆ ಅಂದ. ಹೌದು, ಹಾಗೇ ಎಂದು ವಿಶ್ವನಾಥ ಆತುರದಿಂದ ಒಪ್ಪಿದ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡ ಹಾಗೆ ತನ್ನ ಜಾಗದಲ್ಲೇ ಬರೆದುಕೊಂಡ ಹುಡುಗಿಯನ್ನು ಗೋಡೆ ಕೆಡಿಸಿದವಳನ್ನಾಗಿ ಮಾಡಲು ಅವಳ ತಂದೆಯೇ ಸಹಾಯ ಮಾಡಿದ ಎಂಬುದು ಹೊಳೆದಾಗ ಅವನಿಗೆ ಒಂದು ಬಗೆಯ ಸಮಾಧಾನವೂ ಆಯಿತು, ಆ ಸಮಾಧಾನಕ್ಕೆ ಅಸಹ್ಯವೂ ಆಯಿತು.

ಮಹಾಂತೇಶನ ಕೋಣೆಯಲ್ಲಿ ಜವರಯ್ಯನಿಗೆ ಕುರ್ಚಿ ತೋರಿಸಿದರು, ಅವನು ಕೂರಲಿಲ್ಲ. ಸುಚಿತ್ರಾ ಅವನ ಪಕ್ಕದಲ್ಲಿ ನಿಂತಿದ್ದಳು, ಎರಡು ಜಡೆಗಳಲ್ಲಿ ಒಂದನ್ನು ಬೆರಳಿಗೆ ಸುತ್ತಿಕೊಳ್ಳುತ್ತ. ಅಳುತ್ತಿರಲಿಲ್ಲ. ಮಹಾಂತೇಶ್ ಶಿಸ್ತು, ಸುರಕ್ಷತೆ, ಕಾಲೇಜಿನ ಹೆಸರು ಎಂದೆಲ್ಲ ಹೇಳಿ, ಈ ಸೆಮಿಸ್ಟರ್ ಪೂರ್ತಿ ಅವಳು ಲ್ಯಾಬಿಗೆ ಬರುವಂತಿಲ್ಲ ಅಂದ. ಲ್ಯಾಬಿಗೆ ಬರದಿದ್ದರೆ ಮಾರ್ಕ್ಸಿಲ್ಲ, ಮಾರ್ಕ್ಸಿಲ್ಲದಿದ್ದರೆ ವರ್ಷ ಹೋಯಿತು. ಅವಳು ಎಲ್ಲ ಕೇಳಿಸಿಕೊಂಡು ತಲೆ ಎತ್ತಿದಳು.

"ನಾನು ಸಿಸ್ಟಮ್ ಫೈಲು ಮುಟ್ಟೇ ಇಲ್ಲ ಸಾರ್. ನನ್ನ ಫೈಲಲ್ಲೇ ಬರೆದಿದ್ದು. ವಿಶ್ವನಾಥ್ ಸಾರ್‌ಗೆ ಗೊತ್ತಿರುತ್ತೆ, ಕೇಳಿ."

ಮೂವರೂ ಅವನ ಕಡೆ ತಿರುಗಿದರು. ಅವಳು ತಿರುಗಿದ ರೀತಿಯನ್ನು ಅವನಿಗೆ ಆಮೇಲೆ ಎಷ್ಟು ದಿನವಾದರೂ ಮರೆಯಲಾಗಲಿಲ್ಲ. ಬೇಡಿಕೆ ಇರಲಿಲ್ಲ ಆ ನೋಟದಲ್ಲಿ. ಲೆಕ್ಕದ ಉತ್ತರ ಪುಸ್ತಕದ ಹಿಂದಿದೆ, ತಿರುಗಿಸಿ ನೋಡಿದರಾಯಿತು ಎನ್ನುವಂಥ ನಿಶ್ಚಿಂತೆ. ಸ್ಟಾಫ್‌ರೂಮಿನಲ್ಲಿ ಶನಿವಾರ ಯಾರೋ, ಇವರಿಗೆಲ್ಲ ಸೀಟು ಸಿಕ್ಕಿದ್ದೇ ಹೆಚ್ಚು ಕಣ್ರೀ, ಸಿಕ್ಕಿದ ಮೇಲೆ ಇದೊಂದು ಬೇರೆ ಅಂದಿದ್ದರು. ಅವಳ ಸೀಟು ಮೆರಿಟ್ಟಿನದು ಎಂದು ಲ್ಯಾಬಿನ ಹಾಜರಿ ಬರೆಯುವ ಅವನಿಗೆ ಗೊತ್ತಿತ್ತು. ತಾನು ಮಾತ್ರ ಒಬ್ಬರ ಕಾಲಿಗೆ ಬಿದ್ದು ಬಂದವನು. ಆಗಲೂ ಟೀ ಕುಡಿದು ಎದ್ದು ಬಂದಿದ್ದ. ಈಗ ಹೇಳಬಹುದಿತ್ತು. ಹೌದು ಸಾರ್, ಅವಳ ಫೈಲೇ. ಇಷ್ಟೇ ಮಾತು. ಆದರೆ ಅದನ್ನು ಹೇಳಿದರೆ ಗುರುವಾರದ ಮಾತು ಏನಾಗುತ್ತದೆ?

"ನೋಡಬೇಕು ಸಾರ್. ಆ ಫೈಲುಗಳೆಲ್ಲ ಈಗ ಇಲ್ಲ," ಅಂದ.

ಅದೂ ಸುಳ್ಳಲ್ಲ. ಸುಚಿತ್ರಾ ಅವನನ್ನೇ ನೋಡುತ್ತ ನಿಂತಳು. ಕೋಪ ಬಂದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಹುಬ್ಬುಗಳ ನಡುವೆ ಒಂದು ಸಣ್ಣ ಗೆರೆ ಬಂತು, ಪ್ರೋಗ್ರಾಮು ಓಡದಿದ್ದಾಗ ಯಾವ ಸಾಲಿನಲ್ಲಿ ತಪ್ಪಾಗಿದೆ ಎಂದು ಹುಡುಕುವಾಗ ಬರುತ್ತಿತ್ತಲ್ಲ, ಅದೇ ಗೆರೆ. ಜವರಯ್ಯ ಕೈ ಮುಗಿದು, ಮಗ ತಿಳೀದೆ ಮಾಡ್ಬುಟ್ಟದೆ ಅಂದ. ಅವಳು ತಂದೆಯ ಮುಗಿದ ಕೈಗಳನ್ನು ನೋಡಿದಳು, ಆಮೇಲೆ ಮಹಾಂತೇಶ್ ಮುಂದಿಟ್ಟ ತಪ್ಪೊಪ್ಪಿಗೆಗೆ ಸಹಿ ಹಾಕಿದಳು. ಹೊರಗೆ ಹೋಗುವಾಗ ಜವರಯ್ಯ ವಿಶ್ವನಾಥನಿಗೂ ಪ್ರತ್ಯೇಕವಾಗಿ ಕೈ ಮುಗಿದು, ನಿಮ್ಮ ದಯೆ ಇರಲಿ ಅಂದ.

ಮೂಲೆಯ ಯಂತ್ರದಲ್ಲಿ ಬೇರೆ ಹುಡುಗ ಬಂದು ಕೂತ. ಥಿಯರಿ ಕ್ಲಾಸುಗಳಿಗೆ ಕೆಲವು ದಿನ ಬರುತ್ತಿದ್ದ ಸುಚಿತ್ರಾ ಆಮೇಲೆ ಬರುವುದನ್ನು ಬಿಟ್ಟಳು. ಬರುವ ವರ್ಷ ಮತ್ತೆ ಸೇರುತ್ತಾಳಂತೆ ಎಂದು ಹುಡುಗಿಯರು ಹೇಳಿದರು. ಮಧ್ಯಾಹ್ನದ ಹೊತ್ತು ಲ್ಯಾಬು ಖಾಲಿ ಇದ್ದಾಗ ವಿಶ್ವನಾಥ ತನ್ನ ಜಾಗದಲ್ಲಿ ಎತ್ತಿಟ್ಟಿದ್ದನ್ನು ತೆರೆಯುತ್ತಿದ್ದ. ಕೆಂಪಿನಿಂದ ಅರಿಸಿನಕ್ಕೆ ಹೋಗುವ ದಾರಿಯಲ್ಲಿ ಅವಳು ಎರಡೂ ಬಣ್ಣಗಳನ್ನು ಒಂದು ಮನೆ ಬಿಟ್ಟು ಒಂದು ಮನೆಯಲ್ಲಿ ಇಟ್ಟು, ಯಂತ್ರದಲ್ಲಿ ಇಲ್ಲದ ಮೂರನೆಯ ಬಣ್ಣವೊಂದನ್ನು ಕಣ್ಣಿಗೆ ಕಾಣಿಸಿದ್ದಳು. ನೋಡಿದಷ್ಟೂ ಇನ್ನೊಂದು ಇನ್ನೊಂದು ಕಾಣುತ್ತಿತ್ತು. ಮೂಗಯ್ಯ ಗುಡಿಸಲು ಬಂದರೆ ಥಟ್ಟನೆ ಮುಚ್ಚುತ್ತಿದ್ದ. ಮನೆಯಲ್ಲಿ ಪ್ರೇಮಲೀಲಾ, ಯಾಕೆ ಈಚೆಗೆ ಯಾವ ಬ್ಯಾನರೂ ಮಾಡಲಿಲ್ಲವಾ ಎಂದು ಕೇಳಿದಳು. ಸಾಕಾಗಿದೆ ಅಂದ.

ಅಕ್ಟೋಬರ್ ಕೊನೆಯಲ್ಲಿ ಮಹಾಂತೇಶ್ ಕರೆಸಿದ. ರಾಜ್ಯೋತ್ಸವಕ್ಕೆ ಸ್ವಾಮಿಗಳು ಬರುತ್ತಾರೆ, ಲ್ಯಾಬನ್ನೂ ನೋಡುತ್ತಾರೆ, ಕನ್ನಡದಲ್ಲೇ ಒಂದು ಬ್ಯಾನರು ಆಗಬೇಕು ಅಂದ. ವಿಶ್ವನಾಥ ಕಷ್ಟ ಸಾರ್ ಎಂದು ಶುರು ಮಾಡಿದ. ಗುಂಡು, ಮನೆ, ಕೋಳಿಮೊಟ್ಟೆ. ಮಹಾಂತೇಶ್ ಫೈಲಿನಿಂದ ತಲೆ ಎತ್ತದೆ, "ಆ ಹುಡುಗಿ ಮಾಡಿದ್ದಳಲ್ಲ, ಅದನ್ನೇ ಹಾಕಿ. ನಿಮ್ಮ ಹತ್ತಿರ ಇದೆಯಲ್ಲ," ಅಂದ. ಮುಖ್ಯಸ್ಥನೂ ಎಲ್ಲರ ಜಾಗಗಳಿಗೆ ಹೋಗಬಲ್ಲ ಎಂಬುದನ್ನು ವಿಶ್ವನಾಥ ಮರೆತಿದ್ದ. ತಪಾಸಣೆಯ ಮರುದಿನವೇ ತಾನು ಎಲ್ಲ ನೋಡಿದೆ, ಅವಳು ಏನೂ ಒಡೆದಿರಲಿಲ್ಲ ಎಂದೂ ಗೊತ್ತಾಯಿತು; ಆದರೆ ಅಷ್ಟರಲ್ಲಿ ಬಂದವರ ಮುಂದೆ ಹೇಳಿಯಾಗಿತ್ತು, ವರದಿಯಲ್ಲಿ ಶಿಸ್ತಿಗೆ ಒಳ್ಳೆಯ ಮಾತು ಬರೆದು ಹೋಗಿದ್ದರು; ಹೋಗಲಿ ಬಿಡಿ, ಹುಡುಗಿ ಬುದ್ಧಿವಂತೆ, ಒಂದು ವರ್ಷ ದೊಡ್ಡದೇನಲ್ಲ ಎಂದೆಲ್ಲ ಮಹಾಂತೇಶ್ ಸಾವಕಾಶವಾಗಿ ಹೇಳಿದ. ಬೈಯಲಿಲ್ಲ. ನೀವು ಯಾಕೆ ಹಾಗಂದಿರಿ ಎಂದು ಕೇಳಲೂ ಇಲ್ಲ. ಕೇಳುವಷ್ಟು ದೊಡ್ಡ ಪ್ರಶ್ನೆಯೂ ಅದಾಗಿರಲಿಲ್ಲ. ವಿಶ್ವನಾಥ ವಾರಗಟ್ಟಲೆ ಎದೆಯಲ್ಲಿ ಪಾಪವೆಂದು ಹೊತ್ತು ತಿರುಗಿದ್ದು ಆ ಕೋಣೆಯಲ್ಲಿ ಯಾರಿಗೋ ಅನುಕೂಲವಾಗಿ ಬಂದ ಒಂದು ಸಣ್ಣ ಮಾತು, ಅಷ್ಟೆ.

ಅವಳದನ್ನು ಹಾಕಬಾರದು ಎಂದುಕೊಂಡ. ಅವಳ ಉಪಾಯ ಈಗ ಗೊತ್ತಿದೆಯಲ್ಲ, ತಾನೇ ಬರೆಯಬೇಕು. ಒಂದು ಭಾನುವಾರ ಲ್ಯಾಬಿಗೆ ಹೋಗಿ ಕೂತ. ಅರ್ಧ ಮನೆ, ಮೇಲೊಂದು ಬಣ್ಣ, ಕೆಳಗೊಂದು ಬಣ್ಣ. ಲೆಕ್ಕವೆಲ್ಲ ಸರಿಯಾಗಿ ಬಂತು, ಅಕ್ಷರ ಬರಲಿಲ್ಲ. 'ಗ' ಎನ್ನುವುದು ಮುರಿದ ಕೊಡೆಯ ಹಿಡಿಯಂತಾಯಿತು. 'ತ'ದ ಹೊಟ್ಟೆ ಒಂದು ಕಡೆಗೆ ಜೋತುಬಿತ್ತು. ಅಳಿಸಿ ಬರೆದ, ಬರೆದು ಅಳಿಸಿದ. ಹೊಟ್ಟೆ ಹಸಿದು, ಹಸಿವು ಸತ್ತು, ಕಿಟಕಿಯ ಬಿಸಿಲು ಗೋಡೆ ಹತ್ತಿ ಹೋಯಿತು. ಕೊನೆಗೆ ಅವಳದನ್ನೇ ತೆಗೆದು, ಕೆಂಪು ಅರಿಸಿನ ಸರಿಹೋಗುತ್ತದೆ ರಾಜ್ಯೋತ್ಸವಕ್ಕೆ ಎಂದು ತನಗೆ ತಾನೇ ಹೇಳಿಕೊಂಡು, ಎಲ್ಲ ಯಂತ್ರಗಳಿಗೂ ಹಾಕಿದ.

ಸ್ವಾಮಿಗಳು ಬಂದರು. ಪರದೆಯ ಮುಂದೆ ನಿಂತು ಬಹಳ ಹೊತ್ತು ನೋಡಿದರು. ಕನ್ನಡ ಎಷ್ಟು ಚೆಂದ ಕೂತಿದೆ, ಯಾರು ಮಾಡಿದ್ದು ಎಂದು ಕೇಳಿದರು. ಮಹಾಂತೇಶ್ ವಿಶ್ವನಾಥನ ಬೆನ್ನ ಮೇಲೆ ಕೈಯಿಟ್ಟು ಮುಂದಕ್ಕೆ ತಂದ. ಸ್ವಾಮಿಗಳು ಈ ಸಲ ಅವನ ಮುಖವನ್ನು ನೋಡಿದರು, ನಿಮ್ಮ ಹೆಸರೇನು ಎಂದು ಬಹುವಚನದಲ್ಲಿ ಕೇಳಿದರು. ಹೇಳಿದ. ಶಾಲು ಹೊದಿಸಿದರು. ಮೂರನೆಯ ವರ್ಷದ ಹುಡುಗ ಹುಡುಗಿಯರು ಹಿಂದಿನ ಸಾಲಿನಲ್ಲಿ ನಿಂತು ನೋಡುತ್ತಿದ್ದರು. ಅದು ಯಾರದು ಎಂದು ಅವರಲ್ಲಿ ಪ್ರತಿಯೊಬ್ಬರಿಗೂ ಗೊತ್ತಿತ್ತು. ಎಲ್ಲರ ಜೊತೆ ಅವರೂ ಚಪ್ಪಾಳೆ ತಟ್ಟಿದರು. ಶಾಲನ್ನು ಅವನು ಮನೆಗೆ ತಂದಾಗ ಪ್ರೇಮಲೀಲಾ ಬಿಚ್ಚಿ ನೋಡಿ, ಅಂಚು ಚೆನ್ನಾಗಿದೆ ಅಂದಳು.

ರಾಜ್ಯೋತ್ಸವ ಮುಗಿದ ಮೇಲಿನ ಭಾನುವಾರ ಅವನು ಹಿನಕಲ್‌ಗೆ ಹೋದ. ಹೇಳಿಬಿಡಬೇಕು ಎಂದು ಹೊರಟಿದ್ದ. ಹೇಳಿದರೆ ಏನಾಗುತ್ತದೆ ಎಂದು ಯೋಚಿಸಿರಲಿಲ್ಲ. ಅವಳು ಬೈಯಬಹುದು, ಜವರಯ್ಯ ಕೊರಳಪಟ್ಟಿ ಹಿಡಿಯಬಹುದು, ಹಿಡಿಯಲಿ ಎಂದು ಒಳಗೆ ಆಸೆಯೇ ಇತ್ತು. ರಸ್ತೆಯ ಎರಡೂ ಕಡೆ ಸೈಟಿನ ಕಲ್ಲು ನೆಟ್ಟ ಬಯಲು, ಅರ್ಧ ಎದ್ದ ಮನೆಗಳು. ಅದರ ಹಿಂದೆ ಹಳೆಯ ಊರಿನ ಸಂದಿ, ಹೆಂಚಿನ ಮನೆಗಳು. ಹೆಸರು ಕೇಳಿದ್ದಕ್ಕೆ ಒಬ್ಬ ಹೆಂಗಸು ಮುಂದೆ ಮುಂದೆ ನಡೆದು ಬಾಗಿಲವರೆಗೆ ತಂದು ಬಿಟ್ಟಳು. ಜವರಯ್ಯ ಜಗಲಿಯಿಂದ ಗಡಬಡಿಸಿ ಎದ್ದ. ಮೇಷ್ಟ್ರು ಮನೆಗಂಟ ಬಂದವ್ರೆ ಕಣಮ್ಮಿ ಎಂದು ಒಳಗೆ ಕೂಗಿದ. ಅವನ ಹೆಂಡತಿ ಸಿದ್ದಲಿಂಗಮ್ಮ ಚಾಪೆ ಹಾಸಿ, ಅದರ ಮೇಲೆ ಜಮಖಾನ ಹಾಸಿ, ಒಲೆಯ ಕಡೆ ಹೋದಳು. ಒಂದ್ ಗಳಿಗೆ ಕೂತಿರಿ ಸಾಮಿ, ಅಂಗಡಿಗೆ ಹೋಗಿ ಬಂದ್ಬುಡ್ತೀನಿ ಎಂದು ಜವರಯ್ಯ ಹೊರಟ. ಸುಚಿತ್ರಾ ಬಂದು ಗೋಡೆಯ ಹತ್ತಿರ ಕೂತಳು. ಒಂದೇ ಜಡೆ ಹಾಕಿದ್ದಳು, ಸ್ವಲ್ಪ ಕಪ್ಪಾಗಿದ್ದಳು. ಚೆನ್ನಾಗಿದ್ದೀರಾ ಸಾರ್ ಎಂದು ಅವನಿಗಿಂತ ಮೊದಲು ಅವಳೇ ಕೇಳಿಬಿಟ್ಟಳು.

ಅವನು ಹೇಳಿದ. ಗುರುವಾರ ಅಂದದ್ದು, ಸೋಮವಾರ ಅಂದದ್ದು, ಪ್ರತಿ ಇಟ್ಟುಕೊಂಡದ್ದು, ಶಾಲು. ಒಳಗೆ ಕೇಳಿಸೀತೆಂದು ತಗ್ಗಿಸಿದ ಧ್ವನಿಯಲ್ಲಿ, ಜಮಖಾನದ ದಾರ ಕೀಳುತ್ತ ಹೇಳಿದ. ಹೇಳಿ ಮುಗಿಸಿದ ಮೇಲೆ ಎದೆ ಹಗುರವಾಗುತ್ತದೆ ಎಂದುಕೊಂಡಿದ್ದ. ಅವಳು ಕೇಳಿಸಿಕೊಂಡು, "ಗೊತ್ತಿತ್ತು ಸಾರ್," ಅಂದಳು. ಆ ಸೋಮವಾರ ಬಸ್ಸಿನಲ್ಲಿ ಮನೆಗೆ ಬರುವಾಗಲೇ ಗೊತ್ತಾಯಿತು, ಯಾಕೆ ಅಂತ ಮಾತ್ರ ಗೊತ್ತಾಗಲಿಲ್ಲ ಅಂದಳು. ಯಾಕೆ ಎಂದು ಈಗ ಕೇಳುತ್ತಾಳೆ ಎಂದು ಅವನು ಕಾದ. ಅವಳು ಅದನ್ನು ಕೇಳಲಿಲ್ಲ. ಸೆರಗಿನ ಹಾಗೆ ದಾವಣಿಯ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಬಿಚ್ಚಿ, ಮತ್ತೆ ಸುತ್ತಿಕೊಂಡಳು.

"ಒಂದು ಕೇಳ್ಲಾ ಸಾರ್? ಅದು ಚೆನ್ನಾಗಿತ್ತಾ?"

ಅವನು ಅವಳ ಕಡೆ ನೋಡಿದ. ಅವಳು ನಿಜವಾಗಿಯೇ ಕೇಳುತ್ತಿದ್ದಳು. ಗೆಳತಿಯರು ಚೆನ್ನಾಗಿದೆ ಅಂದಿರಬಹುದು, ಸ್ವಾಮಿಗಳು ಅಂದದ್ದನ್ನು ಯಾರಾದರೂ ಬಂದು ಹೇಳಿರಬಹುದು. ಅದೊಂದೂ ಅವಳಿಗೆ ಲೆಕ್ಕವಿರಲಿಲ್ಲ. ಮನೆ ಮನೆಯಾಗಿ ಅದನ್ನು ಓದಬಲ್ಲವನು ಈ ಊರಿನಲ್ಲಿ ಒಬ್ಬನೇ. ಅವನ ಬಾಯಿಂದ ಬರಬೇಕಿತ್ತು. ಮಾಡಿದ್ದೆಲ್ಲ ಒಪ್ಪಿಕೊಂಡು ಕೂತವನಿಗೆ ಇನ್ನು ಉಳಿದದ್ದು ಒಂದು ಪದ. ತುಂಬಾ ಚೆನ್ನಾಗಿತ್ತಮ್ಮ, ನನ್ನ ಕೈಯಲ್ಲಿ ಆಗಲಿಲ್ಲ. ಕದ್ದವನು ಎನ್ನಿಸಿಕೊಳ್ಳಲು ಅವನು ಸಿದ್ಧನಾಗಿ ಬಂದಿದ್ದ, ಸುಳ್ಳ ಎನ್ನಿಸಿಕೊಳ್ಳಲೂ. ಇದಕ್ಕೆ ಸಿದ್ಧನಾಗಿ ಬಂದಿರಲಿಲ್ಲ.

"ಪರವಾಗಿಲ್ಲ," ಎಂದು ತನ್ನ ಧ್ವನಿ ಹೇಳಿದ್ದು ಅವನಿಗೆ ಕೇಳಿಸಿತು. "ಆದರೆ ಆ ವ ಒತ್ತು ಇದೆಯಲ್ಲ, ಅದು ಒಂದು ಸಾಲು ಕೆಳಗಾಯ್ತು."

"ಹೌದಾ ಸಾರ್?" ಅವಳು ಕಣ್ಣು ಮುಚ್ಚಿ ಅಕ್ಷರವನ್ನು ನೆನೆಸಿಕೊಳ್ಳಲು ನೋಡಿದಳು. ಹುಬ್ಬುಗಳ ನಡುವೆ ಗೆರೆ ಬಂತು. "ನನಗೆ ಗೊತ್ತೇ ಆಗಿರಲಿಲ್ಲ."

ಒಳಗೆ ಹೋಗಿ ಹಳೆಯ ಕ್ಯಾಲೆಂಡರಿನ ಹಾಳೆ, ಪೆನ್ಸಿಲ್ಲು ತಂದಳು. ಅವನು ಹಾಳೆಯ ಹಿಂಬದಿಯಲ್ಲಿ ಮನೆಗಳನ್ನು ಗೀಚಿದ. ಒತ್ತಕ್ಷರ ಎಲ್ಲಿರಬೇಕಿತ್ತೋ ಅಲ್ಲಿ ಅವಳು ಇಟ್ಟಿದ್ದಳು. ಅದನ್ನು ಅವನು ಒಂದು ಸಾಲು ಮೇಲಕ್ಕೆ ತಂದು, ಹೀಗೆ ಬರಬೇಕು ನೋಡು ಎಂದು ತೋರಿಸಿದ. ಮೇಲಿನ ಅಕ್ಷರಕ್ಕೆ ತಾಗಿ ಅದು ಉಸಿರು ಕಟ್ಟಿದ ಹಾಗೆ ಕೂತಿತು. ಅವಳು ಬಗ್ಗಿ, ಬೆರಳಿನಿಂದ ಮನೆಗಳನ್ನು ಎಣಿಸುತ್ತ ನೋಡುತ್ತಿದ್ದಳು. ಬಿಸ್ಕತ್ತಿನ ಪೊಟ್ಟಣ ಹಿಡಿದು ಬಂದ ಜವರಯ್ಯ ಹೊಸಿಲ ಹೊರಗೇ ನಿಂತ. ಪಾಠ ನಡೆಯುತ್ತಿದೆ, ಈಗಲೇ ಕಾಫಿ ತರಬೇಡ ಎಂದು ಒಲೆಯ ಕಡೆಗೆ ಕೈಸನ್ನೆ ಮಾಡಿದ. ವಿಶ್ವನಾಥ ಅದನ್ನು ಕಣ್ಣಂಚಿನಲ್ಲಿ ಕಂಡ, ಪೆನ್ಸಿಲು ನಿಲ್ಲಿಸಲಿಲ್ಲ. ಅವಳು ಪ್ರತಿ ಗೆರೆಗೂ ಹೂಂ ಸಾರ್, ಹೂಂ ಸಾರ್ ಅನ್ನುತ್ತಿದ್ದಳು.